ಒಂದೆಕರೆ ಮರಗಣತಿ: ನಾಲ್ಕನೇ ತಿಂಗಳು, ಆಡುಗಳ ಹಾವಳಿ

ಗಂಗಾವತಿ ಹತ್ತಿರ ಕಾಕಾನ ಬೀಳು ಹೊಲದಲ್ಲಿ ಎಣಿಕೆ ಕೊನೆಗೂ ಮುಗಿಯಿತು. ಒಂದೆಕರೆ, 146 ಮರ, 13 ಜಾತಿ. ಅದರಲ್ಲಿ 97 ಬಳ್ಳಾರಿ ಜಾಲಿ! ಅಮೆರಿಕ ಖಂಡದ ಗಿಡ, ಹೆಸರು ಮಾತ್ರ ನಮ್ಮ ಪಕ್ಕದ ಜಿಲ್ಲೆಯದು. ಉಳಿದದ್ದು ಬೇವು, ತುಗ್ಗಲಿ, ಬಾರಿ, ಕಕ್ಕೆ ಹೀಗೆ. ಐದು ಜಾತಿಗೆ ಒಂದೊಂದೇ ಮರ.

ಹೋದ ತಿಂಗಳು ಬರೆದ 171 ಮರ ತಪ್ಪು ಲೆಕ್ಕ. ಜಾಲಿ ಬುಡದಲ್ಲೇ ಕವಲೊಡೆಯುತ್ತದೆ, ನಾನು ಒಂದೊಂದು ಕವಲನ್ನೂ ಒಂದೊಂದು ಮರ ಅಂತ ಎಣಿಸಿದ್ದೆ. ಈ ಸಲ ಮಳೆಕಾಡಿನ ದೊಡ್ಡ ಪ್ಲಾಟ್‌ಗಳ, ಅಂದರೆ ವಿಜ್ಞಾನಿಗಳು ಮರ ಎಣಿಸಲು ಗುರುತು ಹಾಕಿಟ್ಟ ಜಾಗಗಳ, ಪದ್ಧತಿ ಹಿಡಿದೆ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡದ ಅಡ್ಡಳತೆ 1 ಸೆಂ.ಮೀ. ಇದ್ದರೆ ಲೆಕ್ಕಕ್ಕೆ. ಬುಡ ಒಂದಾದರೆ ಮರವೂ ಒಂದೇ. "ಜಾಲಿ ಗಿಡ ಎಣಸಾಕ ಟೇಪ್ ಯಾಕ ಬೇಕೋ ತಮ್ಮಾ?" ಅಂತ ಕಾಕಾ ನಕ್ಕರು. ಕೈಗೆ ಚುಚ್ಚಿದ ಮುಳ್ಳುಗಳನ್ನು ಮಾತ್ರ ಎಣಿಸಲಿಲ್ಲ.

ನನ್ನ 13 ಜಾತಿಗೆ ಹೋಲಿಸಿದರೆ, ಮಲೇಷ್ಯಾದ ಸರವಾಕ್‌ನ ಲಂಬಿರ್ ಮಳೆಕಾಡಲ್ಲಿ 52 ಹೆಕ್ಟೇರಿಗೆ, ಅಂದರೆ ಸುಮಾರು 130 ಎಕರೆಗೆ, 1,200ರ ಹತ್ತಿರ ಮರಜಾತಿಗಳಿವೆ. ನಮ್ಮ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ ನೋಡಿಕೊಳ್ಳುತ್ತಿರುವ 50 ಹೆಕ್ಟೇರಿನ ಒಣಕಾಡಲ್ಲಿ ಸುಮಾರು 70. ಹಾಗಂತ ಮಳೆಕಾಡಲ್ಲಿ ಎಲ್ಲ ಜಾತಿಗೂ ಸಮಪಾಲು ಅಂದುಕೊಳ್ಳಬೇಡಿ. ಅಮೆಜಾನ್‌ನಲ್ಲಿ ಸುಮಾರು 16,000 ಮರಜಾತಿ ಇರಬಹುದು ಅಂತ 2013ರಲ್ಲಿ ಅಂದಾಜು ಮಾಡಿದರು. ಬರೀ 227 ಜಾತಿಗಳೇ ಅಲ್ಲಿನ ಅರ್ಧ ಮರಗಳು! ಅಲ್ಲೂ ಜಾಲಿಯಂಥವರಿದ್ದಾರೆ ಅಂತ ಸ್ವಲ್ಪ ಸಮಾಧಾನ.

ಇಷ್ಟೊಂದು ಜಾತಿ ಒಟ್ಟಿಗೆ ಬಾಳುವುದು ಹೇಗೆ? 1970ರಲ್ಲಿ ಜಾನ್ಜೆನ್, 1971ರಲ್ಲಿ ಕಾನೆಲ್ ಎಂಬ ಪರಿಸರ ವಿಜ್ಞಾನಿಗಳು ಬೇರೆಬೇರೆಯಾಗಿ ಒಂದೇ ಉತ್ತರ ಕೊಟ್ಟರು. ಒಂದೊಂದು ಮರಕ್ಕೂ ಅದನ್ನೇ ಹುಡುಕಿ ತಿನ್ನುವ ಹುಳು, ರೋಗ ಇರುತ್ತವೆ. ತಾಯಿಮರದ ಕೆಳಗೆ ಅವು ಜಾಸ್ತಿ. ಮರಿಗಳು ಅಲ್ಲಿ ಉಳಿಯುವುದಿಲ್ಲ, ದೂರ ಬಿದ್ದ ಬೀಜ ಬದುಕುತ್ತದೆ. ತಾಯಿಯ ಸುತ್ತ ಖಾಲಿಯಾದ ಜಾಗಕ್ಕೆ ಬೇರೆ ಜಾತಿ ಬರುತ್ತದೆ.

ಸುಮ್ನೆ ಇರಲಾರದೆ ಅದನ್ನೂ ಪರೀಕ್ಷಿಸಿದೆ. ಜುಲೈಯಲ್ಲಿ ಬೇವಿನ ಹಸಿ ಬೀಜ ಆರಿಸಿ, ತಾಯಿಮರದ ಕೆಳಗೆ 20, ಮೂವತ್ತು ಹೆಜ್ಜೆ ದೂರದಲ್ಲಿ 20 ಊರಿದೆ. ಕೆಳಗೆ 12 ಮೊಳೆತವು, ದೂರದಲ್ಲಿ 14. ಎಷ್ಟು ಖುಷಿ! ಒಂದು ಭಾನುವಾರ ಹೋಗಿ ನೋಡಿದರೆ ಎರಡೂ ಕಡೆ ಸೇರಿ ಮೂರು ಸಸಿ ಉಳಿದಿದ್ದವು. ಸುತ್ತ ಆಡಿನ ಹಿಕ್ಕೆ.

ಬೈಯಲೂ ಮನಸ್ಸು ಬರಲಿಲ್ಲ. ಜಾನ್ಜೆನ್ ಹೇಳಿದ ಶತ್ರು ಒಂದೇ ಜಾತಿಗೆ ಅಂಟಿಕೊಂಡದ್ದು. ಆಡು ಹಾಗಲ್ಲ, ಯಾವ ಮರದ ಮರಿ, ತಾಯಿ ಎಷ್ಟು ದೂರ ಅಂತ ಅದು ಕೇಳುತ್ತದಾ? ಅಂಥ ಬಾಯಿಯಿಂದ ಯಾವ ಅಪರೂಪದ ಮರಕ್ಕೂ ಜಾಗ ಸಿಗುವುದಿಲ್ಲ. ಜಾಲಿಯ ಎಳೆ ಎಲೆಯನ್ನು ಮಾತ್ರ ಅವು ಅಷ್ಟಾಗಿ ಮುಟ್ಟುವುದಿಲ್ಲ, ಆದರೆ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹರಡುತ್ತವೆ. 97 ಹೇಗಾಯಿತು ಅಂತ ಈಗ ಹೊಳೀತಿದೆ ಅಲ್ವಾ?

ಮುಂದಿನ ಜುಲೈಗೆ ಮತ್ತೆ 40 ಬೀಜ, ಈ ಸಲ ಸುತ್ತ ಮುಳ್ಳುಬೇಲಿ ಹಾಕಿ. ಬೇಲಿಗೆ ಜಾಲಿ ಟೊಂಗೆಯೇ ಆಗಬೇಕು. ಬುಡಕ್ಕೆ ಕೊಡಲಿ ಹಾಕುವುದಿಲ್ಲ, ಲೆಕ್ಕ 145 ಆಗಿಬಿಡುತ್ತದೆ.