ಪಾಸ್‌ಪೋರ್ಟ್ ಕೇಳದ ಗಡಿ

ಅಮ್ಮ ಚಿಕ್ಕಮಗಳೂರಿನಿಂದ ಮ್ಯೂನಿಕ್‌ಗೆ ಬಂದು ಎರಡು ವಾರವಾಗಿತ್ತು. "ಇಲ್ಲಿ ದೊಡ್ಡ ಬೆಟ್ಟ ಯಾವ್ದೋ?" ಅಂದಳು. ಸರಿ, ತ್ಸುಗ್‌ಶ್ಪಿಟ್ಸೆಗೆ ಹೊರಟೆವು. 2,962 ಮೀಟರ್, ಜರ್ಮನಿಯಲ್ಲಿ ಅದಕ್ಕಿಂತ ಎತ್ತರದ್ದಿಲ್ಲ. ಆಸ್ಟ್ರಿಯಾದ ಗಡಿ ಅದರ ತಲೆಯ ಮೇಲೇ ಹಾದುಹೋಗುತ್ತದೆ ಅಂದದ್ದೇ ತಪ್ಪಾಯಿತು. ಪಾಸ್‌ಪೋರ್ಟ್ ಇಟ್ಟ ಬ್ಯಾಗನ್ನು ಅಮ್ಮ ದಾರಿಯುದ್ದಕ್ಕೂ ಎದೆಗವಚಿಕೊಂಡೇ ಕೂತಿದ್ದಳು.

ಐಬ್‌ಸೇ ಕೆರೆಯ ದಡದಿಂದ ಕೇಬಲ್ ಕಾರ್. 2017ರಲ್ಲಿ ಶುರುವಾದದ್ದು. ಹತ್ತು ನಿಮಿಷದಲ್ಲಿ 1,945 ಮೀಟರ್ ಮೇಲಕ್ಕೆ ಒಯ್ಯುತ್ತದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಅಲ್ವಾ, ಕಡಲ ದಡದಿಂದ ಅದರ ತುದಿಗೆ ಒಂದೇ ಏಟಿಗೆ ಹೋದ ಹಾಗೆ. ನಡುವೆ ಇರುವುದು ಒಂದೇ ಕಂಬ, 127 ಮೀಟರ್ ಎತ್ತರದ್ದು. ಅದನ್ನು ದಾಟುವಾಗ ಡಬ್ಬಿ ಒಮ್ಮೆ ತೂಗಿತು. ಅಮ್ಮ ಕಣ್ಣು ಮುಚ್ಚಿ ಮಂಜುನಾಥನನ್ನು ನೆನೆದಳು. ನನಗೆ ಕಿವಿ ಕಟ್ಟಿತ್ತು.

ಮೇಲೆ ಗಡಿ ಅಂದರೆ ಒಂದು ಬೋರ್ಡು, ಅಷ್ಟೇ. ಈ ಕಡೆ ಜರ್ಮನಿಯ ಬವೇರಿಯಾ, ಆ ಕಡೆ ಆಸ್ಟ್ರಿಯಾದ ಟಿರೋಲ್. "ಪೊಲೀಸ್ರು ಎಲ್ಲಿ?" ಈ ಎರಡು ದೇಶಗಳ ನಡುವೆ ತಪಾಸಣೆ 1998ರಲ್ಲಿ ನಿಂತಿತು ಅಂದೆ. (ಕೆಳಗೆ ಹೆದ್ದಾರಿಯಲ್ಲಿ 2015ರಿಂದ ಮತ್ತೆ ಕಾರು ನಿಲ್ಲಿಸುತ್ತಾರೆ, ಅದು ಬೇರೆ ಕಥೆ.) ಅಮ್ಮನಿಗೆ ನಿರಾಸೆ. ಆದರೂ ಆ ಕಡೆ ನಾಲ್ಕು ಹೆಜ್ಜೆ ಹೋಗಿ, ಚಪ್ಪಲಿ ಸರಿಮಾಡಿಕೊಂಡು, ವಾಪಸ್ ಬಂದಳು.

ಇಲ್ಲಿ ಮೊದಲು ಮೂರು ತುದಿಗಳಿದ್ದವು. ಒಂದು ತುದಿ ಕೇಬಲ್ ಕಾರ್ ನಿಲ್ದಾಣ ಕಟ್ಟಲು ಬಲಿಯಾಯಿತು. ಇನ್ನೊಂದನ್ನು 1938ರಲ್ಲಿ ಸೇನೆಯ ವಿಮಾನ ನಿಯಂತ್ರಣ ಕೋಣೆ ಕಟ್ಟಲು ಸಿಡಿಸಿದರು. ಕೋಣೆ ಕಟ್ಟಲೇ ಇಲ್ಲ. "ಕುದುರೆಮುಖದಲ್ಲಿ ಅದಿರಿಗಾದ್ರೂ ಅಗೆದ್ರು. ಇವ್ರು ಸುಮ್ನೆ ಒಡೆದ್ರಾ?" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಉಳಿದ ಪೂರ್ವದ ತುದಿಯ ಮೇಲೆ ಚಿನ್ನದ ಬಣ್ಣದ ಶಿಲುಬೆ ಹೊಳೆಯುತ್ತಿತ್ತು.

ಚಳಿಗೆ ಬೆರಳು ಮರಗಟ್ಟಿದ್ದವು. ಬೆಂಚಿನಲ್ಲಿ ಕೂತು ಚಿತ್ರಾನ್ನದ ಡಬ್ಬಿ ತೆಗೆದೆವು. ಕೂಡಲೇ ಹಳದಿ ಕೊಕ್ಕಿನ, ಕೆಂಪು ಕಾಲಿನ ಪುಟ್ಟ ಕಾಗೆಯೊಂದು ಬಂದು ಕಂಬಿಯ ಮೇಲೆ ಕೂತಿತು. ನೋಡನೋಡುತ್ತಲೇ ಡಬ್ಬಿಗೆ ಕೊಕ್ಕು ಹಾಕಿ, ಅನ್ನ ಬಿಟ್ಟು ಒಂದು ಕಡಲೆಬೀಜ ಮಾತ್ರ ಕಚ್ಚಿಕೊಂಡು ಟಿರೋಲ್ ಕಡೆ ಹಾರಿತು.

ಓಡಿಸಲು ಎತ್ತಿದ ನನ್ನ ಕೈಯನ್ನು ಅಮ್ಮ ಹಿಡಿದುಕೊಂಡಿದ್ದಳು. "ಇರ್ಲಿ ಬಿಡೋ. ನಿಮ್ಮಪ್ಪನೂ ಹೀಗೇ, ಬರೀ ಕಡಲೆಬೀಜ ಆರಿಸ್ತಿದ್ರು."