ಸಿ7ರ ಎದುರಿನ ಸಂಖ್ಯೆ

ಕಳೆದ ಆಷಾಢದಲ್ಲಿ ಸಾಗರದ ನಮ್ಮ ಮನೆಯ ಕಂಪ್ಯೂಟರು ಕೆಲಸದ ನಡುವೆ ತಟಸ್ಥವಾಗತೊಡಗಿತು. ಮೌಸಿನ ಬಾಣ ಅಲುಗಾಡುತ್ತಿರಲಿಲ್ಲ, ಹಾರ್ಡ್ ಡಿಸ್ಕಿನ ದೀಪ ಮಾತ್ರ ಆರದೆ ಉರಿಯುತ್ತಿತ್ತು. ಒಂದು ನಿಮಿಷದ ನಂತರ ಏನೂ ಆಗಿಲ್ಲವೆಂಬಂತೆ ಎಲ್ಲವೂ ಮತ್ತೆ ನಡೆಯುತ್ತಿತ್ತು. ದಿನಕ್ಕೆರಡು ಬಾರಿ, ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆಯೂ ಕಾಣಿಸಿಕೊಳ್ಳುತ್ತಿತ್ತು. ಅಮ್ಮ ಹಾಡಿದ ಮದುವೆಯ ಹಾಡುಗಳನ್ನು ನಾನು ವರ್ಷಗಳಿಂದ ಧ್ವನಿಮುದ್ರಿಸಿ ಇಟ್ಟಿದ್ದುದು ಅದೇ ಡಿಸ್ಕಿನಲ್ಲಾದ್ದರಿಂದ ನನಗೆ ಗಾಬರಿಯಾಯಿತು.

ಆ ಗಾಬರಿಯಲ್ಲೇ ತಪ್ಪೊಂದನ್ನು ಮಾಡಿದೆ. ವಿಂಡೋಸಿನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಡಿಸ್ಕಿನ ಹೆಸರಿನಡಿ 153ನೇ ಸಂಖ್ಯೆಯ ಎಚ್ಚರಿಕೆಗಳು ಸಾಲುಗಟ್ಟಿರುವುದನ್ನು ಕಂಡು, ಹಿಂದೆಮುಂದೆ ನೋಡದೆ, ಡಿಸ್ಕಿನಲ್ಲಿ ಕಡತಗಳ ಜೋಡಣೆಯ ದೋಷ ಹುಡುಕಿ ತಿದ್ದುವ ಚೆಕ್‌ಡಿಸ್ಕ್ ಓಡಿಸಿ ದುರಸ್ತಿಗೆ ಅನುಮತಿ ಕೊಟ್ಟೆ. ಅದು ಮುಗಿಯುವ ಹೊತ್ತಿಗೆ ಎರಡು ಹಾಡುಗಳು ತಮ್ಮ ಜಾಗದಲ್ಲಿರಲಿಲ್ಲ, ಫೌಂಡ್.000 ಎಂಬ ಅಡಗಿದ ಫೋಲ್ಡರಿನೊಳಗೆ ಹೆಸರು ಕಳೆದುಕೊಂಡು ಬಿದ್ದಿದ್ದವು. ಹೆಸರು ಬದಲಾಯಿಸಿದಾಗ ಒಂದು ಪೂರ್ತಿ ಕೇಳಿಸಿತು, ಇನ್ನೊಂದು ಅರ್ಧಕ್ಕೆ ನಿಂತಿತು.

ರಿಪೇರಿ ಮಾಡುವವರು ಡಿಸ್ಕ್ ಹೋಗಿದೆ, ಹೊಸದು ಹಾಕಬೇಕು ಎಂದರು. ಒಪ್ಪುವ ಮೊದಲು, ಡಿಸ್ಕು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ವಿವರಗಳನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶದಲ್ಲಿ ತೆರೆದು ನೋಡಿದೆ. ಡಿಸ್ಕಿನ ಸಣ್ಣ ಭಾಗಗಳಾದ ಸೆಕ್ಟರುಗಳಲ್ಲಿ ಕೆಟ್ಟವನ್ನು ಬದಲಾಯಿಸಿದ ಲೆಕ್ಕವಾದ 05, ಓದಲಾಗದೆ ಬಾಕಿ ಉಳಿದವುಗಳ ಲೆಕ್ಕವಾದ ಸಿ5, ಎರಡೂ ಸೊನ್ನೆಯಾಗಿದ್ದವು. ಆದರೆ ಸಿ7ರ ಎದುರು 2ಬಿ4 ಎಂದಿತ್ತು. ಅದು ಹದಿನಾರರ ಆಧಾರದ ಸಂಖ್ಯೆ. ನಮ್ಮ ಎಣಿಕೆಯಲ್ಲಿ 692. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಹೋಗುವ ದತ್ತಾಂಶ ದಾರಿಯಲ್ಲಿ ಕೆಟ್ಟು, ಮತ್ತೆ ಕಳಿಸಬೇಕಾಗಿ ಬಂದ ಸಂದರ್ಭಗಳ ಲೆಕ್ಕ ಇದು. ಈ ಸಂಖ್ಯೆ ಇಳಿಯುವುದಿಲ್ಲ. ಹಾಗಾಗಿ ಅದು ಎಷ್ಟಿದೆ ಎನ್ನುವುದಕ್ಕಿಂತ ಏರುತ್ತಿದೆಯೇ ಎನ್ನುವುದೇ ಮುಖ್ಯ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮರುದಿನ ನೋಡಿದರೆ ನಮ್ಮ ಎಣಿಕೆಯಲ್ಲಿ 731 ಆಗಿತ್ತು. ಅವೆರಡನ್ನು, ಅಂದರೆ ಡಿಸ್ಕು ಮತ್ತು ಮದರ್‌ಬೋರ್ಡನ್ನು, ಜೋಡಿಸುವ ಸಾಟಾ ಕೇಬಲ್ಲನ್ನು ಹೊಸದು ತಂದು ಹಾಕಿದೆ. ಆಮೇಲೆ ಇಡೀ ಸಂಗ್ರಹವನ್ನು ಹೊರಗಿನ ಡಿಸ್ಕಿಗೆ ನಕಲಿಸಿದರೂ ಸಂಖ್ಯೆ ಅಲ್ಲೇ ನಿಂತಿತ್ತು, ಯಂತ್ರ ತಟಸ್ಥವಾಗುವುದೂ ನಿಂತಿತು.

ನೀಲಿ ಪರದೆ ಮಾತ್ರ ನಿಲ್ಲಲಿಲ್ಲ. ನಕಲು ಸರಿಯಾಗಿದೆಯೇ ಎಂದು ತಿಳಿಯಲು ಸರ್ಟ್‌ಯುಟಿಲ್ ಆಜ್ಞೆಯಿಂದ ದೊಡ್ಡ ಕಡತವೊಂದರ ಹ್ಯಾಶ್ (ಕಡತದ ಒಳಗಿನದರಿಂದ ಲೆಕ್ಕ ಹಾಕಿ ಬರುವ, ಕಡತ ಬದಲಾಗದಿದ್ದರೆ ತಾನೂ ಬದಲಾಗದ ಗುರುತು) ತೆಗೆದೆ, ಖಚಿತಪಡಿಸಿಕೊಳ್ಳಲು ಮತ್ತೊಮ್ಮೆ ತೆಗೆದೆ. ಒಂದೇ ಕಡತ, ಎರಡು ಬೇರೆ ಉತ್ತರ. ಡಿಸ್ಕು ಯಾವ ದೋಷವನ್ನೂ ವರದಿ ಮಾಡದಿರುವಾಗ ಹೀಗಾಗುತ್ತಿದ್ದರೆ ಅನುಮಾನ ಹೋಗಬೇಕಾದದ್ದು, ಕೆಲಸದ ವೇಳೆ ದತ್ತಾಂಶವನ್ನು ತಾತ್ಕಾಲಿಕವಾಗಿ ಹಿಡಿದಿಡುವ ರ‍್ಯಾಮಿನ ಕಡೆಗೆ. ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಓಡಿಸಿದಾಗ ಮೊದಲ ಸುತ್ತಿನಲ್ಲೇ ರ‍್ಯಾಮಿನ ದೋಷ ತೋರಿಸುವ ಕೆಂಪು ಸಾಲುಗಳು ಬಂದವು. 4 ಜಿಬಿಯ ಎರಡು ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆ; ಮಳೆಗಾಲದ ತೇವದಿಂದ ಹೀಗಾಗಿರಬಹುದೆಂದು ಸಂಪರ್ಕದ ಹಲ್ಲುಗಳನ್ನು ರಬ್ಬರಿನಿಂದ ಮೃದುವಾಗಿ ಉಜ್ಜಿಯೂ ನೋಡಿದೆ. ಒಂದು ಪಟ್ಟಿ ಎರಡೂ ಸ್ಲಾಟುಗಳಲ್ಲಿ ದೋಷ ತೋರಿಸಿತು. ಅದನ್ನು ಶಾಶ್ವತವಾಗಿ ತೆಗೆದಿಟ್ಟೆ.

ಚೆಕ್‌ಡಿಸ್ಕ್ ಹಾಡುಗಳನ್ನು ಏಕೆ ಕಳೆದಿರಬಹುದೆಂಬುದು ಆಗ ಹೊಳೆಯಿತು. ಅದು ಕಡತಗಳ ಪಟ್ಟಿಯನ್ನು ರ‍್ಯಾಮಿಗೆ ತಂದು ತಾಳೆ ನೋಡುತ್ತದೆ. ರ‍್ಯಾಮೇ ಸುಳ್ಳು ಹೇಳುವಾಗ ಸರಿಯಿದ್ದದ್ದನ್ನೂ ತಪ್ಪೆಂದು ತಿದ್ದಿ ಡಿಸ್ಕಿಗೆ ಬರೆದುಬಿಡಬಲ್ಲದು. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಕೊಡುವ ‘ಮೊದಲು ನಕಲು ಮಾಡಿಕೊಳ್ಳಿ’ ಎಂಬ ಸಲಹೆ ಸಿ5 ಏರುತ್ತಿರುವ, ಅಂದರೆ ನಿಜವಾಗಿ ಸಾಯುತ್ತಿರುವ ಡಿಸ್ಕಿಗೆ ಸರಿಯಾದದ್ದು. ಅಲ್ಲಿ ಒಂದು ಗಂಟೆಯೂ ತಡಮಾಡಬಾರದು. ಆದರೆ ನನ್ನ ಪ್ರಕರಣದಲ್ಲಿ ರ‍್ಯಾಮನ್ನು ಪರೀಕ್ಷಿಸುವ ಮೊದಲು ಮಾಡಿದ ನಕಲೂ ನಂಬಿಕೆಗೆ ಅರ್ಹವಾಗಿರಲಿಲ್ಲ. ಅದನ್ನು ಅಳಿಸಿ, ಒಂದೇ ರ‍್ಯಾಮ್ ಪಟ್ಟಿಯ ಮೇಲೆ ಯಂತ್ರವನ್ನು ನಡೆಸಿ, ಎಲ್ಲವನ್ನೂ ಮತ್ತೆ ನಕಲಿಸಿ ಪ್ರತಿ ಕಡತದ ಹ್ಯಾಶನ್ನೂ ತಾಳೆ ನೋಡಿದೆ. ಎರಡು ರಾತ್ರಿ ಹಿಡಿಯಿತು.

ಅರ್ಧವಾದ ಹಾಡನ್ನು ಅಮ್ಮ ಗೌರಿ ಹಬ್ಬದ ಮರುದಿನ ಮತ್ತೆ ಹಾಡಿಕೊಟ್ಟರು. ಹೊಸ ಮುದ್ರಣ ಈಗ ಎರಡು ಡಿಸ್ಕುಗಳಲ್ಲಿದೆ. ತಿಂಗಳಿಗೊಮ್ಮೆ ಸ್ಮಾರ್ಟ್ ವಿವರಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತೇನೆ; ಸಿ7ರ ಎದುರು ಈಗಲೂ 731.