"ಆಫ್ರಿಕಾದಲ್ಲಿ ಹೇಗಿರ್ತೀರಿ?" ಎಂದು ಕೇಳುವವರಿಗೆ

ರಜೆಗೆ ಸಾಗರಕ್ಕೆ ಬಂದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಮದುವೆ ಮನೆ, ಬ್ಯಾಂಕು, ಬಸ್ಸು, ಎಲ್ಲೇ ಆಗಲಿ. "ಆಫ್ರಿಕಾದಲ್ಲಿ ಹೇಗಿರ್ತೀರಿ? ಭಯ ಆಗಲ್ವಾ? ಊಟಕ್ಕೆ ಏನು ಮಾಡ್ತೀರಿ?" ಮೂರನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಊರಿನ ಹೆಸರು ಕೇಳಿ. ನಾವಿರುವುದು ಇಥಿಯೋಪಿಯಾದ ಜಿಮ್ಮಾದಲ್ಲಿ. ಅಡಿಸ್ ಅಬಾಬಾದಿಂದ ನೈಋತ್ಯಕ್ಕೆ ಸುಮಾರು 350 ಕಿ.ಮೀ. ನಾನೂ ನನ್ನ ಗಂಡನೂ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತೇವೆ. ನಾನು ಗಣಿತ, ಅವರು ಸಿವಿಲ್ ಎಂಜಿನಿಯರಿಂಗ್. ಆಫ್ರಿಕಾದಲ್ಲಿ 54 ದೇಶಗಳಿವೆ. ಭೂಪಟ ತೆಗೆದು ಅಳೆದರೆ ಅಡಿಸ್‌ನಿಂದ ಕೇಪ್‌ಟೌನಿಗಿಂತ ಬೆಂಗಳೂರೇ ಹತ್ತಿರ. ಕೇಪ್‌ಟೌನಿನಲ್ಲಿ ಗಲಾಟೆ ಆದರೂ, ಲಾಗೋಸಿನಲ್ಲಿ ಪ್ರವಾಹ ಬಂದರೂ ನನಗೆ ಫೋನ್ ಮಾಡಿ "ನೀವು ಹುಷಾರಾ?" ಅಂತ ಕೇಳುತ್ತೀರಿ. ಪ್ರೀತಿಯಿಂದಲೇ ಕೇಳುತ್ತೀರಿ, ಗೊತ್ತು. ಆದರೆ ಇಷ್ಟು ವರ್ಷವಾದ ಮೇಲೂ ನಮ್ಮ ಊರಿನ ಹೆಸರು ನೆನಪಿಟ್ಟುಕೊಂಡಿಲ್ಲ ಅನ್ನುವುದು ನೋಯಿಸುತ್ತದೆ.

ಕಳೆದ ಬಾರಿ ಒಂದು ಮದುವೆಯಲ್ಲಿ ದೂರದ ಸಂಬಂಧಿಯೊಬ್ಬರು, ನನಗೆ ದೊಡ್ಡಪ್ಪ ಆಗಬೇಕು, ಪಂಕ್ತಿಯಲ್ಲಿ ಪಕ್ಕ ಕೂತಿದ್ದರು. ಎಲೆಗೆ ಅನ್ನ ಬೀಳುವ ಮೊದಲೇ ಶುರು ಮಾಡಿದರು. "ಅಲ್ವೇ, ಎಂಥ ಸಾವಿಗೆ ಆ ಮಗೂನ ಕಟ್ಕೊಂಡು ಅಲ್ಲಿಗೆ ಹೋಗಿದ್ದು? ಅಲ್ಲಿ ತಿನ್ನೋಕೆ ಸಿಗತ್ತಾ? ಶಾಲೆ ಅಂತ ಇದ್ಯಾ?" ಮಗಳು ಅಲ್ಲೇ ಇದ್ದಳು. ಅವಳು ತಲೆ ಎತ್ತಿ, "ಅಜ್ಜ, ನಮ್ಮ ಶಾಲೆಯಲ್ಲಿ ನಾನು ಎರಡು ಭಾಷೆ ಕಲ್ತಿದ್ದೀನಿ. ನಿಮಗೆ ಯಾವುದು ಮಾತಾಡಿ ತೋರಿಸ್ಲಿ?" ಅಂದಳು. ಅಫಾನ್ ಒರೊಮೊದಲ್ಲೂ ಅಂಹಾರಿಕ್‌ನಲ್ಲೂ ಒಂದಿಷ್ಟು ಮಾತಾಡಿಯೂ ತೋರಿಸಿದಳು. ಪಂಕ್ತಿಯವರೆಲ್ಲ ನಕ್ಕರು, ದೊಡ್ಡಪ್ಪನೂ ನಕ್ಕರು. ನನಗೆ ನಗು ಬರಲಿಲ್ಲ. ಮಗುವಿನ ಎದುರಿಗೆ ಅವಳ ಊರನ್ನು ಹಾಗೆ ಅನ್ನಬಾರದಿತ್ತು. ಅವಳ ಗೆಳತಿಯರು ಅಲ್ಲಿದ್ದಾರೆ. ಅವಳು ಸೈಕಲ್ ಕಲಿತಿದ್ದು ಅಲ್ಲಿ.

ಊಟದ ವಿಷಯಕ್ಕೆ ಬರೋಣ. ನಾವು ಸಸ್ಯಾಹಾರಿಗಳು, ಉಪವಾಸ ಬಿದ್ದಿಲ್ಲ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ವಾರದಲ್ಲಿ ಬುಧವಾರ, ಶುಕ್ರವಾರ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಈಸ್ಟರ್‌ಗೆ ಮೊದಲು 55 ದಿನ ಇದೇ ವ್ರತ. ಹಾಗಾಗಿ ಹೋಟೆಲಿನಲ್ಲಿ "ತ್ಸೋಮ್" ಊಟ ಅಂದರೆ ಸಾಕು, ಇಂಜೆರಾದ ಮೇಲೆ ಬೇಳೆ, ಕಡಲೆಹಿಟ್ಟಿನ ಶಿರೊ, ಎಲೆಕೋಸು, ಬೀಟ್‌ರೂಟ್, ಸೊಪ್ಪು ಬಡಿಸಿ ತರುತ್ತಾರೆ. ಇಂಜೆರಾ ಅಂದರೆ ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಕಲಸಿ, ಎರಡು ಮೂರು ದಿನ ಹುಳಿ ಬರಿಸಿ, ಅಗಲದ ಕಾವಲಿಯ ಮೇಲೆ ಒಂದೇ ಬದಿ ಬೇಯಿಸಿದ್ದು. ಹುಳಿ ಬಂದ ಹಿಟ್ಟು ನಮಗೇನು ಹೊಸದಾ? ಉದ್ದಿನಬೇಳೆ, ಸಾಂಬಾರ್ ಪುಡಿ ಮಾತ್ರ ಊರಿಂದ ಹೊತ್ತುಕೊಂಡು ಹೋಗುತ್ತೇವೆ.

ಉಳಿದ ದಿನಚರಿಯೂ ಕೇಳಿ. ಅಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟುವುದರಿಂದ. ನಮ್ಮ ಬೆಳಗಿನ 8 ಅವರಿಗೆ 2 ಗಂಟೆ. ವರ್ಷಕ್ಕೆ 13 ತಿಂಗಳು, 30 ದಿನದ ಹನ್ನೆರಡು, ಕೊನೆಯದು 5 ಅಥವಾ 6 ದಿನದ್ದು. ಹೊಸ ವರ್ಷ ಸೆಪ್ಟೆಂಬರ್‌ನಲ್ಲಿ. ಪೇಟೆಗೆ ಹೋಗಲು ಬಜಾಜ್ ಹತ್ತುತ್ತೇವೆ. ಆಟೋರಿಕ್ಷಾಕ್ಕೆ ಅಲ್ಲಿ ಎಲ್ಲರೂ ಅನ್ನುವುದೇ ಬಜಾಜ್. ಕರೆಂಟ್ ಹೋಗುತ್ತದೆ, ನೀರು ನಿಲ್ಲುತ್ತದೆ, ಡ್ರಮ್ಮಿನಲ್ಲಿ ತುಂಬಿಡುತ್ತೇವೆ. ಸಂಬಳದಲ್ಲಿ ಎಷ್ಟು ಉಳಿಯುತ್ತದೆ ಅಂತಲೂ ಕೇಳುತ್ತೀರಿ. 2024ರ ಜುಲೈಯಲ್ಲಿ ಅಲ್ಲಿನ ನಾಣ್ಯ ಬಿರ್‌ನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ, ಡಾಲರ್‌ಗೆ 57 ಇದ್ದದ್ದು ಕೆಲವೇ ವಾರಗಳಲ್ಲಿ 100 ದಾಟಿತು. ಲೆಕ್ಕ ನೀವೇ ಹಾಕಿಕೊಳ್ಳಿ.

ಭಯ ಆಗಿದೆ. ಅದನ್ನು ಮುಚ್ಚಿಡುವುದಿಲ್ಲ. 2020ರ ಜೂನ್ ಕೊನೆಯಲ್ಲಿ ಒರೊಮೊ ಗಾಯಕ ಹಚಾಲು ಹುಂಡೆಸಾ ಅವರ ಕೊಲೆಯಾಯಿತು. ಜಿಮ್ಮಾ ಸೇರಿರುವ ಒರೊಮಿಯಾ ಪ್ರಾಂತ್ಯ ಹೊತ್ತಿ ಉರಿಯಿತು. ಇಂಟರ್ನೆಟ್ ವಾರಗಟ್ಟಲೆ ಬಂದ್. ಕೊರೊನಾದಿಂದ ತರಗತಿಗಳೂ ಮುಚ್ಚಿದ್ದವು. ಆಗ ಪಕ್ಕದ ಮನೆಯ ಮುಸ್ಲಿಂ ಅಮ್ಮ ದಿನಾ ಬೆಳಗ್ಗೆ ಬಾಗಿಲು ತಟ್ಟಿ, ನಾವು ಮೂವರೂ ಇದ್ದೇವೆಯೇ ಎಂದು ನೋಡಿಕೊಂಡು ಹೋಗುತ್ತಿದ್ದರು. ಅವರ ಮಗ ಹಾಲು ತಂದುಕೊಡುತ್ತಿದ್ದ. ಸಂಜೆ ಕಾಫಿಗೆ ಕರೆಯುತ್ತಿದ್ದರು. ಅಲ್ಲಿ ಕಾಫಿ ಅಂದರೆ ಹಸಿ ಬೀಜವನ್ನು ಕಣ್ಣೆದುರೇ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡುವುದು. ಮೂರನೆಯದು ಕುಡಿಯದೆ ಏಳುವ ಹಾಗಿಲ್ಲ. ಆ ಮೂರು ಸುತ್ತು ಮುಗಿಯುವಷ್ಟರಲ್ಲಿ ನನ್ನ ಅಮ್ಮನ ಮಂಡಿನೋವು, ತಮ್ಮನ ಕೆಲಸ, ಮಗಳ ಓದು ಎಲ್ಲ ವಿಚಾರಿಸಿ ಆಗಿರುತ್ತಿತ್ತು. ಸಾಗರದ ಮಳೆಯ ಬಗ್ಗೆ ಕೂಡ ಕೇಳಿದ್ದಾರೆ. ನಮ್ಮ ಕಡೆಯವರು ಆ ಅಮ್ಮನ ಬಗ್ಗೆ ಒಮ್ಮೆಯಾದರೂ ಕೇಳಿದ್ದಾರಾ? ಇಲ್ಲ.

ನಾನು ಕಾಯುತ್ತಿರುವ ಪ್ರಶ್ನೆ ಬೇರೆಯದೇ ಇದೆ. "ಅಲ್ಲಿ ಯಾರಿಗೆ ಕಲಿಸ್ತೀಯಾ? ಆ ಮಕ್ಕಳು ಹೇಗಿದ್ದಾರೆ?" ಇದನ್ನು ಯಾರೂ ಕೇಳುವುದಿಲ್ಲ. ಟೀಚರ್ ಅಂದಮೇಲೆ ಮೊದಲು ಕೇಳಬೇಕಾದ್ದು ಅದೇ ಅಲ್ವಾ?

ಅಲ್ಲಿನ ಹಿರಿಯರಿಗೆ ಇಂಡಿಯನ್ ಟೀಚರ್ ಹೊಸಬರಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ನಮ್ಮ ದೇಶದಿಂದ ಹೋದ ಮೇಷ್ಟ್ರುಗಳು ಸಣ್ಣ ಸಣ್ಣ ಊರುಗಳ ಶಾಲೆಗಳಲ್ಲೂ ಕಲಿಸಿದ್ದಾರೆ. ಅವರಲ್ಲಿ ತುಂಬಾ ಜನ ಕೇರಳದವರು. ಈಗಲೂ ಅಂಗಡಿಯಲ್ಲಿ ನರೆತ ತಲೆಯವರೊಬ್ಬರು ನಿಲ್ಲಿಸಿ, "ನನಗೆ ಗಣಿತ ಕಲಿಸಿದ್ದು ನಿಮ್ಮವರೇ" ಅನ್ನುತ್ತಾರೆ. ನಾನು ಆ ಮಾತಿನ ಋಣದಲ್ಲಿ ಕೆಲಸ ಮಾಡುತ್ತಿದ್ದೇನೆ.

ಒರೊಮಿಯಾದಲ್ಲಿ ಮಕ್ಕಳು 8ನೇ ತರಗತಿವರೆಗೆ ಅಫಾನ್ ಒರೊಮೊದಲ್ಲಿ ಓದುತ್ತಾರೆ. 9ರಿಂದ ಎಲ್ಲ ವಿಷಯವೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಪಿಯುಸಿ ಸೈನ್ಸ್‌ಗೆ ಹೋದವಳು ನಾನು. ಮುಂದಿನ ಬೆಂಚಿನಲ್ಲೇ ಕೂತು ಒಂದು ಪ್ರಶ್ನೆಯನ್ನೂ ಕೇಳದ ಮಗುವಿಗೆ ಏನಾಗುತ್ತಿದೆ ಅಂತ ನನಗೆ ಗೊತ್ತು. 2022ರಲ್ಲಿ 12ನೇ ತರಗತಿಯ ರಾಷ್ಟ್ರೀಯ ಪರೀಕ್ಷೆಯನ್ನು ಮೊದಲ ಬಾರಿಗೆ ವಿಶ್ವವಿದ್ಯಾಲಯಗಳ ಆವರಣದಲ್ಲಿ, ಬಿಗಿ ಕಾವಲಿನಲ್ಲಿ ನಡೆಸಿದರು. ಅದಕ್ಕೂ ಮೊದಲು ಪ್ರಶ್ನೆಪತ್ರಿಕೆ ಸೋರಿ ಹೋಗುತ್ತಿತ್ತು. ಬರೆದವರು ಸುಮಾರು 9 ಲಕ್ಷ. ಒಟ್ಟು ಅಂಕದಲ್ಲಿ ಅರ್ಧವಾದರೂ ಪಡೆದವರು 3.3%, ಅಂದರೆ 30 ಸಾವಿರದಷ್ಟು ಮಕ್ಕಳು ಮಾತ್ರ. ಉಳಿದವರಲ್ಲಿ ಮೇಲಿನ ಅಂಕದವರನ್ನು ಆರಿಸಿ, ವಿಶ್ವವಿದ್ಯಾಲಯಗಳಲ್ಲಿ ಕೆಲವು ತಿಂಗಳ ರೆಮೆಡಿಯಲ್ ತರಗತಿ ಮಾಡಿ ಇನ್ನೊಂದು ಅವಕಾಶ ಕೊಟ್ಟರು. ಆ ತರಗತಿಗಳನ್ನು ನಾನು ಕೇಳಿ ಪಡೆದೆ.

ಬಂದವರಿಗೆ ದಡ್ಡರು ಅನ್ನುವ ಹಣೆಪಟ್ಟಿ ಬಿದ್ದಿತ್ತು. ಅವರು ದಡ್ಡರಲ್ಲ. ಕೊರೊನಾದಲ್ಲಿ ಒಂದಷ್ಟು, ಗಲಾಟೆಯಲ್ಲಿ ಒಂದಷ್ಟು ಪಾಠ ಕಳಕೊಂಡವರು. ಒಬ್ಬ ಹುಡುಗಿಗೆ ತ್ರಿಕೋನಮಿತಿ ಅಂದರೆ ಕಣ್ಣಲ್ಲಿ ನೀರು. ಅವಳ ಶಾಲೆಯಲ್ಲಿ ಆ ಅಧ್ಯಾಯವನ್ನೇ ಯಾರೂ ಮಾಡಿರಲಿಲ್ಲ. ಸಂಜೆ ಮನೆ ಜಗಲಿಯಲ್ಲಿ ಕೂರಿಸಿಕೊಂಡು, ಎದುರಿನ ಮರದ ನೆರಳನ್ನು ಅಳೆಸಿ ಮರದ ಎತ್ತರ ಲೆಕ್ಕ ಹಾಕಿಸಿದೆ. ಮಾರನೇ ದಿನ ಅವಳು ಇನ್ನೂ ನಾಲ್ವರನ್ನು ಕರೆದುಕೊಂಡು ಬಂದಳು.

ಈಗ ಅವಳು ಗಣಿತದಲ್ಲೇ ಪದವಿ ಓದುತ್ತಿದ್ದಾಳೆ. ರಜೆಗೆ ಹಳ್ಳಿಗೆ ಹೋದಾಗ ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತಾಳೆ. ಎಲ್ಲಿ ತಡವರಿಸಿತೋ ಅದನ್ನು ಟೆಲಿಗ್ರಾಮ್‌ನಲ್ಲಿ ನನಗೆ ಬರೆಯುತ್ತಾಳೆ. ಕಳೆದ ವಾರ ಕೇಳಿದ್ದು, ಋಣಸಂಖ್ಯೆಯನ್ನು ಋಣಸಂಖ್ಯೆಯಿಂದ ಗುಣಿಸಿದರೆ ಧನ ಯಾಕೆ ಬರುತ್ತದೆ ಅಂತ ಹಳ್ಳಿಯ ಮಕ್ಕಳಿಗೆ ಹೇಗೆ ಹೇಳಲಿ ಅಂತ. ನಾನು ಎರಡು ದಾರಿ ಬರೆದು ಕಳಿಸಿದೆ. ಎರಡನೆಯದು ಅವರಿಗೆ ಹಿಡಿಸಲಿಲ್ಲವಂತೆ, ಮೂರನೆಯದನ್ನು ಅವಳೇ ಕಂಡುಹಿಡಿದಿದ್ದಾಳೆ.